ಸ್ಥಿರ ಹೃದಯಶೂಲೆ: ನೋವಿನ ಶಮನ ಮತ್ತು ಜೀವರಕ್ಷಣೆ

ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್ 1768ರಲ್ಲಿ ಮಂಡಿಸಿ, 1772ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ವಿಶಿಷ್ಟ ಎದೆನೋವನ್ನು ವರ್ಣಿಸಿದನು. ನಡೆಯುವಾಗ, ಅದರಲ್ಲಿಯೂ ಊಟವಾದ ಮೇಲೆ ಏರುದಾರಿಯಲ್ಲಿ ನಡೆಯುವಾಗ, ಎದೆಯನ್ನು ಹಿಸುಕಿದಂತಾಗಿ, ನಿಂತೊಡನೆ ಇಲ್ಲವಾಗುವ ಈ ನೋವಿಗೆ ಅವನು ‘ಆಂಜೈನಾ ಪೆಕ್ಟೋರಿಸ್’ ಎಂದು ಹೆಸರಿಟ್ಟನು. ಕನ್ನಡದಲ್ಲಿ ಇದನ್ನು ಹೃದಯಶೂಲೆ ಎನ್ನಬಹುದು.

ಹೃದಯದ ಸ್ನಾಯುವು ವಿಶ್ರಾಂತಿಯಲ್ಲಿಯೂ ತನಗೆ ಬರುವ ರಕ್ತದಿಂದ ಸುಮಾರು ಶೇ. 70ರಷ್ಟು ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಶ್ರಮ ಹೆಚ್ಚಿದಾಗ ಬೇಕಾಗುವ ಹೆಚ್ಚುವರಿ ಆಮ್ಲಜನಕವು ರಕ್ತದ ಹರಿವು ಹೆಚ್ಚುವುದರಿಂದಲೇ ಒದಗಬೇಕು. ಕರೊನರಿ ಧಮನಿಯ ಒಳಗೋಡೆಯಲ್ಲಿ ಕೊಬ್ಬು ಸಂಚಯಗೊಂಡು ಅದರ ವ್ಯಾಸವು ಸುಮಾರು ಶೇ. 70ರಷ್ಟು ಕಿರಿದಾದರೆ ಈ ಹೆಚ್ಚಳ ಸಾಧ್ಯವಾಗದು. ಬೇಡಿಕೆ ಮತ್ತು ಪೂರೈಕೆಗಳ ಅಂತರವೇ ನೋವಾಗಿ ವ್ಯಕ್ತವಾಗುತ್ತದೆ. ಇಂತಿಷ್ಟು ಶ್ರಮಕ್ಕೆ ಬಂದು, ವಿಶ್ರಾಂತಿಯಿಂದ ಕೆಲವೇ ನಿಮಿಷಗಳಲ್ಲಿ ತಗ್ಗುವ ನೋವು ಸ್ಥಿರವಾದುದು. ಹೊಸದಾಗಿ ತೀವ್ರಗೊಂಡ ಅಥವಾ ವಿಶ್ರಾಂತಿಯಲ್ಲಿಯೂ ಬರುವ ನೋವು ಅಸ್ಥಿರವಾದುದು. ಅದಕ್ಕೆ ತುರ್ತು ಚಿಕಿತ್ಸೆ ಅಗತ್ಯ.

ಚಿಕಿತ್ಸೆಗೆ ಎರಡು ಗುರಿಗಳಿದ್ದು, ಅವು ಒಂದೇ ಅಲ್ಲ. ಮೊದಲನೆಯದು ನೋವಿನ ಶಮನ. 1879ರಲ್ಲಿ ವಿಲಿಯಂ ಮರೆಲ್ ಬಳಕೆಗೆ ತಂದ ನೈಟ್ರೋಗ್ಲಿಸರಿನ್ ಇಂದಿಗೂ ನಾಲಿಗೆಯಡಿ ಇರಿಸುವ ಗುಳಿಗೆಯಾಗಿ ಉಳಿದಿದೆ. ಅದು ಸಿರೆಗಳನ್ನು ಹಿಗ್ಗಿಸಿ ಹೃದಯದ ಹೊರೆಯನ್ನು ಇಳಿಸುತ್ತದೆ. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ರೂಪಿಸಿದ ಪ್ರೊಪ್ರನೊಲಾಲ್ ಮೊದಲಾದ ಬೀಟಾ ಪ್ರತಿರೋಧಕಗಳು ಹೃದಯದ ಬಡಿತವನ್ನು ನಿಧಾನಗೊಳಿಸಿ ಬೇಡಿಕೆಯನ್ನು ಕುಗ್ಗಿಸುತ್ತವೆ.

ಎರಡನೆಯದು ಹೃದಯಾಘಾತದ ನಿವಾರಣೆ. ಹೃದಯಾಘಾತವು ಬಹುವೇಳೆ ಕೊಬ್ಬಿನ ಸಂಚಯವೊಂದು ಬಿರಿದು ಅಲ್ಲಿ ರಕ್ತ ಹೆಪ್ಪುಗಟ್ಟುವುದರಿಂದ ಉಂಟಾಗುತ್ತದೆ. ಬಿರಿಯುವುದು ಅತ್ಯಂತ ಕಿರಿದಾದ ಭಾಗವೇ ಆಗಿರಬೇಕಾಗಿಲ್ಲ. ಆದ್ದರಿಂದ ಧಮನಿಗಳನ್ನೆಲ್ಲ ರಕ್ಷಿಸುವ ಸ್ಟ್ಯಾಟಿನ್, ಆಸ್ಪಿರಿನ್, ಧೂಮಪಾನದ ತ್ಯಾಗ, ವ್ಯಾಯಾಮ, ರಕ್ತದೊತ್ತಡ ಹಾಗೂ ಮಧುಮೇಹದ ಹತೋಟಿ ಇವೇ ಇಲ್ಲಿ ಪ್ರಧಾನ.

1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಬಲೂನಿನಿಂದ ಧಮನಿಯನ್ನು ಹಿಗ್ಗಿಸಿದ ಬಳಿಕ, ಕಿರಿದಾದ ಧಮನಿಯನ್ನು ತೆರೆದರೆ ಆಯುಷ್ಯವೂ ವೃದ್ಧಿಸುವುದೆಂಬ ನಿರೀಕ್ಷೆ ಬೆಳೆಯಿತು. ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. 2,287 ರೋಗಿಗಳನ್ನೊಳಗೊಂಡ ‘ಕರೇಜ್’ (2007), 5,179 ರೋಗಿಗಳನ್ನೊಳಗೊಂಡ ‘ಇಸ್ಕೀಮಿಯಾ’ (2020) ಅಧ್ಯಯನಗಳಲ್ಲಿ, ಔಷಧಗಳ ಜೊತೆಗೆ ಆರಂಭದಲ್ಲಿಯೇ ಸ್ಟೆಂಟ್ ಅಥವಾ ಶಸ್ತ್ರಚಿಕಿತ್ಸೆಯಂಥ ಕ್ರಮವನ್ನು ಕೈಗೊಂಡುದರಿಂದ ಮರಣದ ಪ್ರಮಾಣ ತಗ್ಗಲಿಲ್ಲ. ಆದರೆ ನೋವು ಪದೇ ಪದೇ ಬರುತ್ತಿದ್ದವರಿಗೆ ಉಪಶಮನ ದೊರೆಯಿತು. ನೋವಿನ ಔಷಧಗಳನ್ನು ನಿಲ್ಲಿಸಿದ್ದ 301 ರೋಗಿಗಳ ‘ಆರ್ಬಿಟಾ-2’ (2023) ಪ್ರಯೋಗದಲ್ಲಿ, ತೋರಿಕೆಯ ಚಿಕಿತ್ಸೆಗಿಂತ ಸ್ಟೆಂಟ್ ನೋವನ್ನು ಹೆಚ್ಚು ತಗ್ಗಿಸಿತು.

ಎಡಭಾಗದ ಮುಖ್ಯ ಧಮನಿಯೇ ಕಿರಿದಾದವರು, ಹೃದಯದ ಸಂಕೋಚನ ಶಕ್ತಿ ತೀರ ಕುಂದಿದವರು ‘ಇಸ್ಕೀಮಿಯಾ’ ಅಧ್ಯಯನದಲ್ಲಿ ಇರಲಿಲ್ಲ. ಅವರ ವಿಷಯದಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯ ವಿಚಾರವೇ ಬೇರೆ. ಉಳಿದವರಲ್ಲಿ ಸ್ಟೆಂಟ್ ಅಳವಡಿಸಿದ ಮಾತ್ರಕ್ಕೆ ರೋಗ ನೀಗಿತೆಂದು ಔಷಧವನ್ನು ನಿಲ್ಲಿಸುವುದು ಅಪಾಯಕಾರಿ. ನೋವು ನಿಂತರೂ ಅದರ ಮೂಲವಾದ ರೋಗವು ಧಮನಿಗಳಲ್ಲಿ ಉಳಿದೇ ಇರುತ್ತದೆ.