ಡಾಕ್ಟರ ಕೈಗುಣ



"ಆ ಡಾಕ್ಟರ ಕೈಗುಣ ಒಳ್ಳೆಯದು" ಎಂದು ನಿಮ್ಮ ಅಜ್ಜಿ ಹೇಳುವುದನ್ನು ಕೇಳಿರಬಹುದು. ಗೋರೆಗಾಂವಿನಲ್ಲೇ ಹುಟ್ಟಿ ಬೆಳೆದ ನಿಮಗೆ ಅದು ಮೂಢನಂಬಿಕೆ ಎನಿಸಬಹುದು. ನನಗೂ ಹಾಗೆಯೇ ಅನಿಸುತ್ತಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಅತ್ತೆಯವರನ್ನು ಮೊಣಕಾಲು ನೋವಿಗೆಂದು ಒಬ್ಬ ತಜ್ಞರಲ್ಲಿಗೆ ಕರೆದುಕೊಂಡು ಹೋದೆವು. ಅವರು ಎಕ್ಸ್‌ರೇ ನೋಡಿದರು, ಕಂಪ್ಯೂಟರ್ ನೋಡಿದರು, ನನ್ನ ಮಗನೊಡನೆ ಇಂಗ್ಲಿಷಿನಲ್ಲಿ ಮಾತನಾಡಿದರು. ಅತ್ತೆಯ ಮುಖವನ್ನು ಒಮ್ಮೆಯೂ ನೋಡಲಿಲ್ಲ, ಕಾಲು ಮುಟ್ಟಲಿಲ್ಲ. ನಾವೂ "ಮಾತ್ರೆ ಕೊಟ್ಟಿದ್ದಾರೆ" ಎಂದಷ್ಟೇ ಹೇಳಿದೆವು. ರಿಕ್ಷಾದಲ್ಲಿ ಅತ್ತೆ, "ಇದು ಗುಣವಾಗುವ ನೋವಲ್ಲ ಮಾರಾಯ್ತಿ, ಅವರ ಮುಖದಲ್ಲೇ ಗೊತ್ತಾಯಿತು" ಎಂದರು. ಡಾಕ್ಟರು ಹಾಗೆ ಹೇಳಿಯೇ ಇರಲಿಲ್ಲ! ಮಾತ್ರೆಗಳು ಕಪಾಟಿನಲ್ಲೇ ಉಳಿದವು.

ಕೊನೆಗೆ ನಮ್ಮ ಹಳೆಯ ಫ್ಯಾಮಿಲಿ ಡಾಕ್ಟರಲ್ಲಿಗೆ ಹೋದೆವು. ಅವರು ಗುಜರಾತಿ, ಅತ್ತೆಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ಸ್ಟೂಲ್ ಎಳೆದು ಎದುರು ಕುಳಿತರು, ಗಂಟನ್ನು ಒತ್ತಿ ನೋಡಿದರು, ಅದೇ ಚೀಟಿ ತೋರಿಸಿ ತಲೆಯಾಡಿಸಿ ನಕ್ಕರು. ಅಂದಿನಿಂದ ಅತ್ತೆ ಮಾತ್ರೆ ತಪ್ಪಿಸಲಿಲ್ಲ.

ಇದು ಬರೀ ಅಜ್ಜಿಯರ ಕತೆಯಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು 2019ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವರು ಡಾಕ್ಟರರಾಗಿ, ಕೆಲವರು ರೋಗಿಗಳಾಗಿ ಪಾತ್ರ ವಹಿಸಿದರು. ಎರಡು ಮುಲಾಮುಗಳಿದ್ದವು; ಎರಡರಲ್ಲೂ ನೋವಿನ ಔಷಧವಿರಲಿಲ್ಲ. ಆದರೆ ಒಂದು ನಿಜವಾದ ಔಷಧವೆಂದು 'ಡಾಕ್ಟರ'ರನ್ನು ನಂಬಿಸಿದ್ದರು. ಅದನ್ನು ಹಚ್ಚಿದಾಗ 'ರೋಗಿ'ಗಳಿಗೆ ಬಿಸಿಯ ನೋವು ಕಡಿಮೆ ಅನಿಸಿತು. ಡಾಕ್ಟರರ ನಂಬಿಕೆ ಮುಖಭಾವದ ಮೂಲಕ ರೋಗಿಗೆ ದಾಟುತ್ತದೆ ಎಂಬುದಕ್ಕೆ ಸುಳಿವು ಸಿಕ್ಕಿತು.

ಹಾಗೆಂದು ನಗುಮುಖದಿಂದ ಸಕ್ಕರೆ ಕಾಯಿಲೆ ಇಳಿಯದು, ಮುರಿದ ಎಲುಬು ಕೂಡದು. ನಗುವವರೆಲ್ಲ ಜಾಣರೂ ಅಲ್ಲ, ಮುಖ ಗಂಟಿಕ್ಕಿದವರೆಲ್ಲ ಕೆಟ್ಟವರೂ ಅಲ್ಲ. ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ. ಮುಖ ನೋಡಿ ಔಷಧ ಬಿಡುವುದು ಮಾತ್ರ ಅಪಾಯ.

ಈಗ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು ನೀವು. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವರನ್ನೇ ಕೂರಿಸಿ, ನೀವು ಪಕ್ಕದಲ್ಲಿರಿ. "ದಯವಿಟ್ಟು ಅಜ್ಜಿಯನ್ನು ನೋಡಿ ಹೇಳಿ, ನಾನು ಕನ್ನಡದಲ್ಲಿ ತಿಳಿಸುತ್ತೇನೆ" ಎನ್ನಲು ಸಂಕೋಚ ಬೇಡ. ಗುಣವಾಗಲು ಎಷ್ಟು ದಿನ ಬೇಕೆಂದು ಕೇಳಿ, ಅದನ್ನು ಮನೆಮಾತಿನಲ್ಲಿ ಬಿಡಿಸಿ ಹೇಳಿ. ಫೋನ್ ಚೀಲದಲ್ಲಿರಲಿ, ಡಾಕ್ಟರ ಮುಖ ನೋಡಿದ ಮೇಲೆ ಅವರು ನೋಡುವುದು ನಿಮ್ಮ ಮುಖವನ್ನೇ.

ನಿಮ್ಮಲ್ಲಿ ನಾಳೆ ಡಾಕ್ಟರು, ನರ್ಸ್ ಆಗುವವರೂ ಇದ್ದೀರಿ. ಚೀಟಿ ಬರೆಯುವ ಮೊದಲು ಒಮ್ಮೆ ತಲೆಯೆತ್ತಿ ನೋಡಿ. ಕೈಗುಣ ಅಲ್ಲಿಂದಲೇ ಶುರು.