ದುಬಾರಿ ಸಿಡಿ, ಒಳ್ಳೆಯ ಸದ್ದು?
ಅದೇ ಆಲ್ಬಂ, ಒಂದು ಸಿಡಿ ಅಗ್ಗ, ಇನ್ನೊಂದು ಕೈಸುಡುವಷ್ಟು ದುಬಾರಿ. ಹೆಚ್ಚು ಕೊಟ್ಟರೆ ಸದ್ದೂ ಚೆನ್ನಾಗಿರುತ್ತದೆಯೇ? ಹಾಗೇನಿಲ್ಲ. ಬೆಲೆ ಏರಿಸುವುದು ಬಹುಪಾಲು ಸೀಮಿತ ಪ್ರತಿ, ಆಮದು, ಅಂದದ ಪೆಟ್ಟಿಗೆ. ಸದ್ದನ್ನು ನಿರ್ಧರಿಸುವುದು ಯಾವ ಟೇಪಿನಿಂದ, ಹೇಗೆ ಮಾಸ್ಟರಿಂಗ್ (ಸದ್ದಿನ ಕೊನೆಯ ಹದಗೊಳಿಸುವಿಕೆ) ಮಾಡಿದರು ಎಂಬುದು. ಸ್ಟೂಜಸ್ ರಾಕ್ ತಂಡದ 1973ರ ಆಲ್ಬಂ ‘ರಾ ಪವರ್’ ನೋಡಿ. 1997ರಲ್ಲಿ ತಂಡದ ಗಾಯಕ ಇಗ್ಗಿ ಪಾಪ್ ಅದನ್ನು ಮತ್ತೆ ಮಿಕ್ಸ್ ಮಾಡಿ ಸದ್ದನ್ನು ಎಷ್ಟು ಏರಿಸಿದರೆಂದರೆ, ಧ್ವನಿಯಲೆಯ ತುದಿಗಳೇ ಕತ್ತರಿಸಿಹೋದವು. ಬೇಕೆಂದೇ ಮಾಡಿದ್ದು, ಆ ಮಾತು ಬೇರೆ. 2010ರ ಮರುಬಿಡುಗಡೆ ಮೊದಲ ಬಿಡುಗಡೆಗೆ ಡೇವಿಡ್ ಬೋವಿ ಮಾಡಿದ್ದ ಹಳೆಯ ಮಿಕ್ಸನ್ನೇ ತಂದಿತು.

ಜಪಾನಿನ ಎಸ್‌ಎಚ್‌ಎಂ ಸಿಡಿಯ ಪ್ಲಾಸ್ಟಿಕ್ಕೇ ಮೇಲು ಎನ್ನುವವರಿದ್ದಾರೆ. ಇರಬಹುದು, ಆದರೆ ಅದರಲ್ಲಿರುವುದೂ ಅದೇ 16 ಬಿಟ್, 44.1 ಕಿಲೋಹರ್ಟ್ಸ್ ದತ್ತಾಂಶ. ಮಾಸ್ಟರ್ ಒಂದೇ ಆಗಿದ್ದರೆ, ಗೀರುಬೀಳದ ಮಾಮೂಲಿ ಸಿಡಿಯಿಂದಲೂ ಪ್ಲೇಯರ್ ಅದನ್ನೇ ಓದುತ್ತದೆ. ಕೊಳ್ಳುವ ಮುನ್ನ ಮಾಸ್ಟರಿಂಗ್ ಯಾವ ವರ್ಷದ್ದೆಂದು ನೋಡಿ.