ಇಡ್ಲಿ, ಪನೀರ್, ಲೋಕಲ್ ಗಾಡಿ: ಹೊಗೆಯ ಲೆಕ್ಕ

ದಿನವೂ ಗಲ್ಲಾದ ಲೆಕ್ಕ ಬರೆಯುವ ನಾವು ಹೊಗೆಯ ಲೆಕ್ಕ ಬರೆದವರಲ್ಲ. ಈಗ ಬರೆಯುವ ಕಾಲ ಬಂದಿದೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಕಟ್ಟಿಗೆ-ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿನಂಥ ಇಂಧನಕ್ಕೆ ಬದಲಾಗಬೇಕೆಂದಿತು. ಅದರ ಬೆನ್ನಿಗೇ ಪಾಲಿಕೆಯ ನೋಟಿಸು ಇದ್ದಿಲಿನ ತಂದೂರ್ ಭಟ್ಟಿ ಇಟ್ಟ ಹೋಟೆಲುಗಳಿಗೂ ಬಂತು. 2022ರ ಮಾರ್ಚಿನಲ್ಲಿ ಪಾಲಿಕೆ ಹೊರತಂದ ಹವಾಮಾನ ಯೋಜನೆಯಲ್ಲಿ 2050ರೊಳಗೆ ನಗರದ ನಿವ್ವಳ ಇಂಗಾಲವನ್ನು ಸೊನ್ನೆಗಿಳಿಸುವ ಗುರಿಯಿದೆ. ತಂದೂರಿನಿಂದ ಶುರುವಾದದ್ದು ಅಲ್ಲಿಗೇ ನಿಲ್ಲುತ್ತದೆಂದು ನಮಗೆ ಅನಿಸುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಕಿಲೋ ಉರಿಸಿದರೆ ಮೂರು ಕಿಲೋ ಹೇಗೆ ಎಂದು ಕೇಳಬಹುದು. ಉರಿಯುವಾಗ ಗಾಳಿಯ ಆಮ್ಲಜನಕವೂ ಸೇರಿಕೊಳ್ಳುತ್ತದೆ. ಹಾಗಾಗಿ 19 ಕಿಲೋದ ನಮ್ಮ ಕಮರ್ಷಿಯಲ್ ಸಿಲಿಂಡರ್ ಒಂದಕ್ಕೆ ಸುಮಾರು 57 ಕಿಲೋ. ವಾರಕ್ಕೆ ಒಂದು ಸಿಲಿಂಡರ್ ಉಳಿಸಿದರೆ ವರ್ಷಕ್ಕೆ ಹೆಚ್ಚುಕಡಿಮೆ 3 ಟನ್ ಉಳಿತಾಯ, ಬಿಲ್ಲಿನಲ್ಲಿ ಸಿಗುವ ಉಳಿತಾಯ ಬೇರೆ. ಉಳಿಸುವುದು ಹೇಗೆಂದು ಹಳೆಯ ಭಟ್ಟರಿಗೆ ಗೊತ್ತು: ಬೇಳೆ ನೆನೆಸಿಡಬೇಕು, ಪಾತ್ರೆಗೆ ಮುಚ್ಚಳ ಹಾಕಬೇಕು, ಉರಿ ಹಳದಿಯಾದರೆ ಬರ್ನರ್ ಶುಚಿ ಮಾಡಬೇಕು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲೂ ದೋಸೆ ಕಾವಲಿಯ ಕೆಳಗೆ ದೊಡ್ಡ ಉರಿ ಇರುವುದನ್ನು ನಾವೇ ಎಷ್ಟೋ ಕಡೆ ನೋಡಿದ್ದೇವೆ.

ಇನ್ನು ಮೆನು. ನಮ್ಮ ಇಡ್ಲಿ-ಸಾಂಬಾರಿಗೆ ಇಲ್ಲಿ ಒಳ್ಳೆಯ ಅಂಕ ಸಿಗುತ್ತದೆ. ಒಂದೇ ಹಬೆಯಲ್ಲಿ ಹತ್ತಾರು ಇಡ್ಲಿ ಬೇಯುತ್ತವೆ. ಉದ್ದು-ತೊಗರಿ ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದಿಡುವುದರಿಂದ ಯೂರಿಯಾ ಖರ್ಚು ಕಡಿಮೆ. ಅಕ್ಕಿಯದು ಅಷ್ಟು ಚೆಂದದ ಕಥೆಯಲ್ಲ: ನೀರು ನಿಂತ ಗದ್ದೆಯಿಂದ ಮಿಥೇನ್ ಏಳುತ್ತದೆ. ರಾಗಿ, ಜೋಳಕ್ಕೆ ಆ ತೊಂದರೆಯಿಲ್ಲ. ಎಲ್ಲಕ್ಕಿಂತ ಭಾರವಾದದ್ದು ಪನೀರ್. ಒಂದು ಕಿಲೋಗೆ ಸುಮಾರು ಐದು ಲೀಟರ್ ಹಾಲು ಬೇಕು, ಆ ಹಾಲು ಕೊಡುವ ಹಸು-ಎಮ್ಮೆ ಮೆಲುಕು ಹಾಕುತ್ತಾ ಮಿಥೇನ್ ಬಿಡುತ್ತವೆ. ಉಡುಪಿ ಹೋಟೆಲಿನ ಮೆನುವಿನಲ್ಲಿ ಪಂಜಾಬಿ ಪುಟವೇ ಉದ್ದವಾಗಿರುವ ಈ ದಿನಗಳಲ್ಲಿ ಪನೀರ್ ತೆಗೆಯಿರಿ ಎಂದರೆ ಯಾರೂ ಕೇಳಲಿಕ್ಕಿಲ್ಲ. ರಾಗಿ ದೋಸೆ, ಹೆಸರುಕಾಳು ಉಸುಳಿಗೆ ಮೊದಲ ಪುಟದಲ್ಲಿ ಜಾಗ ಕೊಡಬಹುದಲ್ಲ.

ತಟ್ಟೆಯಲ್ಲಿ ಉಳಿದದ್ದು ಕಸದ ಗುಡ್ಡೆಯಲ್ಲಿ ಗಾಳಿಯಿಲ್ಲದೆ ಕೊಳೆತು ಮತ್ತೆ ಮಿಥೇನ್ ಆಗುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಮಾಟುಂಗಾದಲ್ಲಿ 1942ರಿಂದ ಊಟ ಬಡಿಸುತ್ತಿರುವ ರಾಮ ನಾಯಕರ ಬೋರ್ಡಿಂಗಿನಂತೆ ಫುಲ್ ಊಟದ ಜೊತೆ ಲಿಮಿಟೆಡ್ ಊಟವನ್ನೂ ಇಟ್ಟರೆ ಗಿರಾಕಿ ಹಸಿವಿಗೆ ತಕ್ಕದ್ದನ್ನು ಆರಿಸಿಕೊಳ್ಳುತ್ತಾನೆ.

ನಮ್ಮ ಓಡಾಟದ ಮಾತು ಕೊನೆಗೆ, ಸ್ವಲ್ಪ ಮುಜುಗರದಿಂದಲೇ. ಮೀರಾ ರೋಡಿನಿಂದ ದಾದರಿಗೆ ಹೋಗಿಬರಲು ಸುಮಾರು 60 ಕಿ.ಮೀ. ಲೀಟರಿಗೆ 12 ಕಿ.ಮೀ. ಓಡುವ ಕಾರಿಗೆ 5 ಲೀಟರ್ ಪೆಟ್ರೋಲ್, ಲೀಟರಿಗೆ 2.3 ಕಿಲೋದಂತೆ ದಿನಕ್ಕೆ 11.5 ಕಿಲೋ. ಅಂದರೆ ಮಾಲೀಕರ ಕಾರು ಐದು ದಿನಕ್ಕೊಂದು ಸಿಲಿಂಡರ್ ಉರಿಸಿದಂತೆ! ಅಡುಗೆಮನೆಯಲ್ಲಿ ಕಷ್ಟಪಟ್ಟು ಉಳಿಸಿದ್ದು ಹೈವೇಯಲ್ಲಿ ಹೋಯಿತು. ಈ ನಗರದಲ್ಲಿ 1925ರ ಫೆಬ್ರವರಿ 3ರಿಂದ ವಿದ್ಯುತ್ ರೈಲು ಓಡುತ್ತಿದೆ. ಕರೆಂಟೂ ಬಹುಪಾಲು ಕಲ್ಲಿದ್ದಲಿನದೇ, ನಿಜ. ಆದರೆ ಒಂದು ಗಾಡಿಯಲ್ಲಿ ಸಾವಿರಾರು ಜನ ಹೋಗುವಾಗ ತಲೆಗೆ ಬೀಳುವ ಪಾಲು ತೀರಾ ಸಣ್ಣದು. ಊರಿಂದ ತರಿಸುವ ಮಾಲಿಗೂ ರೈಲುಂಟು. ಕೊಂಕಣ ರೈಲ್ವೆ 1999ರಲ್ಲೇ ಲಾರಿಗಳನ್ನು ಸರಕಿನ ಸಮೇತ ಹೊತ್ತೊಯ್ಯುವ ‘ರೋ-ರೋ’ ಆರಂಭಿಸಿತು. ಮುಂದೆ ಅದು ಕೊಲಾಡ್‌ನಿಂದ ಸುರತ್ಕಲ್‌ವರೆಗೆ ಬೆಳೆಯಿತು. ಹತ್ತಿರದ ಪಾರ್ಸೆಲ್‌ಗಳಿಗೆ ಹುಡುಗನ ಕೈಗೊಂದು ಸೈಕಲ್ ಕೊಟ್ಟರೂ ಆದೀತು. ಡಬ್ಬಾವಾಲಾಗಳು ರೈಲು ಮತ್ತು ಸೈಕಲನ್ನೇ ನಂಬಿ ಇಡೀ ಮುಂಬಯಿಗೆ ಊಟ ಮುಟ್ಟಿಸಿದವರು.